ಗೆಲುವು: ಆಟಕ್ಕುಂಟು, ಲೆಕ್ಕಕ್ಕಿಲ್ಲ

ಇಟಲಿಯ ಮೊಂಜಾ ಟ್ರ್ಯಾಕಿನ ಕೊನೆಯ ತಿರುವಿಗೆ ಪರಬೋಲಿಕಾ ಎಂದು ರೂಢಿಯ ಹೆಸರು. 2024ರ ಆಗಸ್ಟ್ 30ರ ಶುಕ್ರವಾರ, ಹದಿನೆಂಟು ತುಂಬಿ ಇನ್ನೂ ವಾರ ಕಳೆಯದ ಆಂಡ್ರಿಯಾ ಕಿಮಿ ಆಂಟೊನೆಲ್ಲಿ ಎಂಬ ಹುಡುಗ ಮರ್ಸಿಡಿಸ್ ತಂಡದ ಫಾರ್ಮುಲಾ ಒನ್ ಕಾರನ್ನು ಅಭ್ಯಾಸಕ್ಕೆಂದು ಹೊರತಂದ. ಕೆಲವೇ ಸುತ್ತುಗಳಲ್ಲಿ ಆ ತಿರುವಿನ ತಡೆಗೋಡೆಗೆ ಗುದ್ದಿ, ಕಾರನ್ನು ಅಲ್ಲೇ ಬಿಟ್ಟು ವಾಪಸ್ ಬಂದ. ಶನಿವಾರ ಮರ್ಸಿಡಿಸ್ ಪ್ರಕಟಣೆ ಹೊರಡಿಸಿತು: ಲೂಯಿಸ್ ಹ್ಯಾಮಿಲ್ಟನ್ ಖಾಲಿ ಮಾಡಲಿರುವ ಜಾಗಕ್ಕೆ ಮುಂದಿನ ವರ್ಷದಿಂದ ಇವನೇ. ಭಾನುವಾರ ಬೆಳಿಗ್ಗೆ, ಫಾರ್ಮುಲಾ ತ್ರೀ ಋತುವಿನ ಕೊನೆಯ ಓಟದ ಕೊನೆಯ ಸುತ್ತಿನ ಅದೇ ಕೊನೆಯ ತಿರುವಿನಲ್ಲಿ, ಲಿಯೊನಾರ್ಡೊ ಫೋರ್ನರೋಲಿ ಎಂಬ ಇನ್ನೊಬ್ಬ ಇಟಲಿಯ ಹುಡುಗ ಕ್ರಿಶ್ಚಿಯನ್ ಮ್ಯಾನ್ಸೆಲ್‌ನನ್ನು ಹಿಂದಿಕ್ಕಿ ಮೂರನೆಯವನಾದ. ಆ ವರ್ಷದ ಚಾಂಪಿಯನ್ ಎನಿಸಿಕೊಂಡ.

ಗೋಡೆಗೆ ಗುದ್ದಿದವನಿಗೆ ನೌಕರಿ ಸಿಕ್ಕಿತು. ಚಾಂಪಿಯನ್ ಆದವನಿಗೆ ಮುಂದಿನ ತರಗತಿಗೆ ಇನ್ನೂ ದೊಡ್ಡ ಫೀಸು ಕಟ್ಟುವ ಅರ್ಹತೆ ಸಿಕ್ಕಿತು.

ಆಂಟೊನೆಲ್ಲಿಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಹುಡುಗನ ಕಾಲಿನಲ್ಲಿ ವೇಗ ಇದೆ, ಅದನ್ನು ಮರ್ಸಿಡಿಸ್‌ನವರು ಅವನು ಗೋ-ಕಾರ್ಟ್ ಓಡಿಸುತ್ತಿದ್ದಾಗಲೇ ಗುರುತಿಸಿ ಎತ್ತಿಕೊಂಡಿದ್ದರು. ಆದರೆ ಅವನು ಫಾರ್ಮುಲಾ ತ್ರೀ ಎಂಬ ಮೆಟ್ಟಿಲನ್ನು ತುಳಿದೇ ಇರಲಿಲ್ಲ. ಕೆಳಗಿನ ಪ್ರಾದೇಶಿಕ ಫಾರ್ಮುಲಾದಿಂದ ನೇರವಾಗಿ ಫಾರ್ಮುಲಾ ಟೂಗೆ ಜಿಗಿದಿದ್ದ. ಅಂದರೆ, ಫಾರ್ಮುಲಾ ಒನ್‌ಗೆ ಹೋಗುವ ರಾಜಮಾರ್ಗ ಎಂದು ಯಾವ ಮೆಟ್ಟಿಲನ್ನು ಮೂವತ್ತು ಮನೆಗಳಿಗೆ ಮಾರಲಾಗಿತ್ತೋ, ಅದನ್ನು ಹಾರಿಕೊಂಡು ಹೋದವನಿಗೇ ಮೊದಲು ಬಾಗಿಲು ತೆರೆಯಿತು. ಉಳಿದ ಮೂವತ್ತು ಚಾಲಕರು ಆ ಭಾನುವಾರ ಬೆಳಗ್ಗೆ ಬೇಗ ಎದ್ದು, ಫಾರ್ಮುಲಾ ಒನ್ ನೋಡಲು ಬರುವ ಜನ ಇನ್ನೂ ಕಾಫಿ ಕುಡಿಯುತ್ತಿದ್ದಾಗ, ಖಾಲಿ ಗ್ಯಾಲರಿಗಳ ಮುಂದೆ ಜೀವ ಪಣಕ್ಕಿಟ್ಟು ಓಡಿಸಿದರು.

ಇನ್ನು ಫೋರ್ನರೋಲಿಯ ವಿಷಯ. ಬಹ್ರೇನ್‌ನಿಂದ ಮೊಂಜಾವರೆಗೆ ಹತ್ತು ಊರು, ಇಪ್ಪತ್ತು ಓಟ. ಈ ಇಪ್ಪತ್ತರಲ್ಲಿ ಅವನು ಗೆದ್ದದ್ದು ಎಷ್ಟು? ಸೊನ್ನೆ. ಒಂದೂ ಇಲ್ಲ. ಅವನ ಮುಂದೆ ಪ್ರತಿ ವಾರ ಬೇರೆ ಬೇರೆ ಹುಡುಗರು ಷಾಂಪೇನ್ ಚಿಮ್ಮಿಸಿದರು. ಆರ್ವಿಡ್ ಲಿಂಡ್‌ಬ್ಲಾಡ್ ಎಂಬ ಹದಿನಾರರ ಪೋರ ನಾಲ್ಕು ಓಟ ಗೆದ್ದ. ಋತುವಿನ ಕೊನೆಯಲ್ಲಿ ಅವನ ಸ್ಥಾನ ನಾಲ್ಕನೆಯದು. ನಾಲ್ಕು ಗೆದ್ದವನು ನಾಲ್ಕನೆಯವನು, ಸೊನ್ನೆ ಗೆದ್ದವನು ಮೊದಲನೆಯವನು. ಈ ಗಣಿತವನ್ನು ನಮ್ಮ ಹಳ್ಳಿಯ ಮೇಷ್ಟ್ರಿಗೆ ವಿವರಿಸಲು ಹೋದರೆ ಬೆತ್ತ ಹುಡುಕುತ್ತಾರೆ.

ಹುಡುಗ ಮೋಸ ಮಾಡಿದ ಎಂದಲ್ಲ. ಅವನು ಮಾಡಿದ್ದು ಅಪ್ಪಟ ಜಾಣತನ. ಡಿಕ್ಕಿ, ದಂಡಗಳಿಂದ ಆದಷ್ಟು ದೂರ ಉಳಿದ, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಾಗ ಪಕ್ಕದಲ್ಲಿ ನುಸುಳಿ ಬಂದು ಎರಡನೆಯ, ಮೂರನೆಯ, ಐದನೆಯ ಸ್ಥಾನಗಳನ್ನು ಜೇಬಿಗೆ ಹಾಕಿಕೊಂಡ. 1999ರಲ್ಲಿ ಸ್ಪೇನಿನ ಎಮಿಲಿಯೊ ಅಲ್ಸಮೋರಾ ಹೀಗೆಯೇ ಒಂದೂ ಓಟ ಗೆಲ್ಲದೆ 125 ಸಿಸಿ ಬೈಕ್ ರೇಸಿನ ವಿಶ್ವ ಚಾಂಪಿಯನ್ ಆಗಿದ್ದ. ಇತಿಹಾಸದಲ್ಲಿ ಪೂರ್ವನಿದರ್ಶನ ಇರುವುದರಿಂದ ವಕೀಲರಿಗೂ ಅಡ್ಡಿಯಿಲ್ಲ. ತಮಾಷೆ ಇರುವುದು ಹುಡುಗನಲ್ಲಲ್ಲ, ಅಂಗಡಿಯಲ್ಲಿ. ಮುಂದಿನ ಪೀಳಿಗೆಯ ಅತಿವೇಗದ ಮನುಷ್ಯನನ್ನು ಹುಡುಕಲೆಂದೇ ಸ್ಥಾಪಿಸಿದ ಸಂಸ್ಥೆ, ವರ್ಷದ ಕೊನೆಗೆ ಬಹಳ ಎಚ್ಚರಿಕೆಯ ಮನುಷ್ಯನೊಬ್ಬನನ್ನು ಹುಡುಕಿ ಕೊಟ್ಟಿತು.

ಅಂಗಡಿಯ ನಿಯಮಾವಳಿಯನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಇಷ್ಟು ಮೋಜಿನ ಸಾಹಿತ್ಯ ಈಚೆಗೆ ಕಡಿಮೆಯಾಗಿದೆ.

ಮೂವತ್ತು ಕಾರುಗಳು, ಹತ್ತು ತಂಡಗಳು, ತಂಡಕ್ಕೆ ಮೂರು. ಎಲ್ಲವೂ ಇಟಲಿಯ ಡಲ್ಲಾರಾ ಕಾರ್ಖಾನೆಯಲ್ಲಿ ತಯಾರಾದ ಒಂದೇ ಕಾರು, ಒಂದೇ ಮೆಕಾಕ್ರೋಮ್ ಎಂಜಿನ್, ಒಂದೇ ಪಿರೆಲ್ಲಿ ಟೈರು. ಸುಮಾರು 380 ಅಶ್ವಶಕ್ತಿ. ಎಲ್ಲರಿಗೂ ಒಂದೇ ಕಾರು ಯಾಕೆ ಎಂದರೆ, ಆಗ ಗೆಲುವು-ಸೋಲಿಗೆ ಚಾಲಕನ ಪ್ರತಿಭೆಯೊಂದೇ ಕಾರಣವಾಗುತ್ತದೆ ಎಂಬ ಸಮತಾವಾದ. ಈ ಸಮತಾವಾದ ಜಾರಿಗೆ ಬಂದ ಮೊದಲ ವರ್ಷ, 2019ರಲ್ಲಿ, ಮೊದಲ ಮೂರು ಸ್ಥಾನಗಳು ರಾಬರ್ಟ್ ಶ್ವಾರ್ಟ್ಸ್‌ಮನ್, ಮಾರ್ಕಸ್ ಆರ್ಮ್‌ಸ್ಟ್ರಾಂಗ್ ಮತ್ತು ನಮ್ಮ ಮುಂಬಯಿಯ ಜೆಹಾನ್ ದಾರುವಾಲಾ ಪಾಲಾದವು. ಮೂವರೂ ಪ್ರೇಮಾ ಎಂಬ ಒಂದೇ ತಂಡದವರು. ರಷ್ಯಾ, ನ್ಯೂಜಿಲೆಂಡ್, ಭಾರತ ಎಂಬ ಮೂರು ದಿಕ್ಕುಗಳ ಪ್ರತಿಭೆಗಳು ಅದೇ ವರ್ಷ ಅದೇ ಇಟಲಿಯ ಟೆಂಟಿನಡಿ ಆಕಸ್ಮಿಕವಾಗಿ ಸೇರಿಕೊಂಡಿದ್ದವು ಎಂದು ನಂಬುವವರು ನಂಬಬಹುದು.

ಟೆಂಟು ಎಂದದ್ದು ಅಲಂಕಾರಕ್ಕಲ್ಲ. ಫಾರ್ಮುಲಾ ಒನ್‌ನವರಿಗೆ ಗ್ಯಾರೇಜು, ಗಾಜಿನ ಅರಮನೆ, ಅಡುಗೆಯವರು. ಫಾರ್ಮುಲಾ ತ್ರೀ ತಂಡಗಳು ದೂರದ ಮೂಲೆಯಲ್ಲಿ ಲಾರಿಗೆ ಕಟ್ಟಿದ ಚಾವಣಿಯಡಿ ಕೆಲಸ ಮಾಡುತ್ತವೆ. ಓಟದ ಹೊತ್ತಿಗೆ ಕಾರು, ಟೈರು, ಸಾಮಾನು ಎಲ್ಲವನ್ನೂ ಪಿಟ್ಟಿನವರೆಗೆ ಸಾಗಿಸಬೇಕು, ಮುಗಿದ ಕೂಡಲೇ ತೆರವು ಮಾಡಬೇಕು. ಮಕ್ಕಳಿಗೆ ವಿನಯ ಕಲಿಸುವ ಪಠ್ಯಕ್ರಮದ ಭಾಗ ಇದು. ಶುಲ್ಕದಲ್ಲಿ ಮಾತ್ರ ಈ ವಿನಯದ ಸುಳಿವಿಲ್ಲ.

ಶುಕ್ರವಾರ ಅರ್ಧ ಗಂಟೆ ಅರ್ಹತಾ ಸುತ್ತು. ಎಲ್ಲರಿಗಿಂತ ವೇಗವಾಗಿ ಸುತ್ತಿದವನಿಗೆ ಪೋಲ್ ಪೊಸಿಷನ್, ಎರಡು ಅಂಕ. ಸರಿ. ಶನಿವಾರದ ಸಣ್ಣ ಓಟಕ್ಕೆ ಈ ವೇಗದ ಹುಡುಗನನ್ನು ಎಲ್ಲಿ ನಿಲ್ಲಿಸುತ್ತಾರೆ? ಹನ್ನೆರಡನೆಯ ಜಾಗದಲ್ಲಿ. ಹನ್ನೆರಡನೆಯವನನ್ನು ಮೊದಲ ಜಾಗದಲ್ಲಿ. ಅಗ್ರ ಹನ್ನೆರಡು ಜನರನ್ನು ತಲೆಕೆಳಗು ಮಾಡಿ ನಿಲ್ಲಿಸುವುದು ಇಲ್ಲಿನ ಸಂಪ್ರದಾಯ, ನೋಡುವವರಿಗೆ ರೋಚಕವಾಗಿರಲಿ ಎಂದು. ನೋಡುವವರು ಇನ್ನೂ ಬಂದಿಲ್ಲ ಎನ್ನುವುದು ಬೇರೆ ಮಾತು. ಹೀಗಾಗಿ ಅರ್ಹತಾ ಸುತ್ತಿನಲ್ಲಿ ಹನ್ನೊಂದನೆಯವನಿಗಿಂತ ಹನ್ನೆರಡನೆಯವನು ಹೆಚ್ಚು ಭಾಗ್ಯವಂತ. ಹದಿಮೂರನೆಯವನು ಎಲ್ಲರಿಗಿಂತ ನತದೃಷ್ಟ, ಅವನು ಹದಿಮೂರರಲ್ಲೇ ನಿಲ್ಲಬೇಕು. ಒಂದು ಸೆಕೆಂಡಿನ ನೂರನೆಯ ಒಂದು ಭಾಗ ತಡವಾದದ್ದಕ್ಕೆ ಒಬ್ಬನಿಗೆ ಬಹುಮಾನ, ಇನ್ನೊಂದು ನೂರನೆಯ ಭಾಗ ತಡವಾದ ಪಕ್ಕದವನಿಗೆ ಶಿಕ್ಷೆ.

ಅಂಕಗಳ ವಿಷಯಕ್ಕೆ ಬಂದರೆ ಇನ್ನೂ ಸೊಗಸು. ಶನಿವಾರ ಗೆದ್ದವನಿಗೆ 10 ಅಂಕ. ಭಾನುವಾರದ ದೊಡ್ಡ ಓಟದಲ್ಲಿ ಗೆದ್ದವನಿಗೆ 25, ನಾಲ್ಕನೆಯವನಿಗೆ 12, ಐದನೆಯವನಿಗೆ 10. ಅಂದರೆ ಶನಿವಾರ ಉಳಿದ ಇಪ್ಪತ್ತೊಂಬತ್ತು ಜನರನ್ನೂ ಸೋಲಿಸಿ, ರಾಷ್ಟ್ರಗೀತೆ ಹಾಡಿಸಿಕೊಂಡು, ಕಣ್ಣೀರು ಒರೆಸಿಕೊಂಡು ಕೆಳಗಿಳಿದವನಿಗೂ, ಭಾನುವಾರ ಐದನೆಯವನಾಗಿ ಬಂದು ಯಾರ ಕಣ್ಣಿಗೂ ಬೀಳದೆ ಸ್ನಾನಕ್ಕೆ ಹೋದವನಿಗೂ ಒಂದೇ ಬೆಲೆ. ಫೋರ್ನರೋಲಿ ಈ ದರಪಟ್ಟಿಯನ್ನು ಓದಿಕೊಂಡಿದ್ದ. ಉಳಿದವರು ಗೆಲ್ಲುವುದರಲ್ಲಿ ಕಾಲಹರಣ ಮಾಡುತ್ತಿದ್ದರು.

ಮೊಂಜಾದ ಆ ಕೊನೆಯ ಓಟದಲ್ಲಿ ಗಾಬ್ರಿಯೆಲೆ ಮಿನಿ ಎಂಬ ಸಿಸಿಲಿಯ ಹುಡುಗ ಎರಡನೆಯವನಾಗಿ ಗೆರೆ ದಾಟಿದ್ದ. ಇವನು ಮೊನಾಕೊದ ಇಕ್ಕಟ್ಟು ಬೀದಿಗಳಲ್ಲಿ ಸತತ ಎರಡು ವರ್ಷ ದೊಡ್ಡ ಓಟ ಗೆದ್ದವನು. ಪಟ್ಟಕ್ಕೆ ಫೋರ್ನರೋಲಿಯ ಪ್ರತಿಸ್ಪರ್ಧಿಯಾಗಿದ್ದ. ಓಟ ಮುಗಿದ ಮೇಲೆ ತಪಾಸಣೆಯವರು ಬಂದು ಅಳೆದು ತೂಗಿ ಅವನನ್ನು ಆ ಓಟದಿಂದಲೇ ಅನರ್ಹಗೊಳಿಸಿದರು. ಈ ಕ್ರೀಡೆಯಲ್ಲಿ ಫಲಿತಾಂಶ ಎರಡು ಸಲ ಬರುತ್ತದೆ: ಒಂದು ಗೆರೆ ದಾಟಿದಾಗ, ಇನ್ನೊಂದು ಸಂಜೆ ಕಚೇರಿಯಿಂದ ಹಾಳೆ ಹೊರಬಂದಾಗ. ಟ್ರೋಫಿ ಹಿಡಿದು ಫೋಟೊ ತೆಗೆಸಿಕೊಂಡವರು ಅದನ್ನು ಅಮ್ಮನಿಗೆ ಕಳಿಸುವ ಮುನ್ನ ಹಾಳೆಗಾಗಿ ಕಾಯುವುದು ಕ್ಷೇಮ.

ಈಗ ದುಡ್ಡಿನ ಮಾತು. ದುಡ್ಡಿನ ಮಾತಿಲ್ಲದೆ ಈ ಕ್ರೀಡೆಯ ಬಗ್ಗೆ ಬರೆಯುವುದು ಸಾರಿಲ್ಲದೆ ಮುದ್ದೆ ನುಂಗಿದ ಹಾಗೆ.

ಫಾರ್ಮುಲಾ ತ್ರೀ ತಂಡದಲ್ಲಿ ಒಂದು ವರ್ಷದ ಜಾಗಕ್ಕೆ ಸುಮಾರು ಹತ್ತು ಲಕ್ಷ ಯೂರೊ ಎನ್ನುವುದು ಯೂರೋಪಿನ ಪ್ಯಾಡಕ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವ ಅಂದಾಜು. ನಮ್ಮ ರೂಪಾಯಿಯಲ್ಲಿ, 2024ರ ದರಕ್ಕೆ, ಒಂಬತ್ತು ಕೋಟಿ. ಫಾರ್ಮುಲಾ ಟೂ ಆದರೆ ಅದರ ಎರಡು ಮೂರು ಪಟ್ಟು. ಸಂಬಳ ಎಂದುಕೊಂಡಿರಾ? ಚಾಲಕನಿಗೆ ತಂಡ ಕೊಡುವುದಲ್ಲ ಸ್ವಾಮಿ, ತಂಡಕ್ಕೆ ಚಾಲಕ ಕೊಡುವುದು. ಕಾರು ಗುದ್ದಿಸಿದರೆ ಅದರ ಬಿಲ್ಲು ಸಾಮಾನ್ಯವಾಗಿ ಬೇರೆ. ಇಷ್ಟು ಕೊಟ್ಟರೆ ಎಷ್ಟು ಹೊತ್ತು ಓಡಿಸಬಹುದು? ಪ್ರತಿ ಊರಿನಲ್ಲಿ ಮುಕ್ಕಾಲು ಗಂಟೆ ಅಭ್ಯಾಸ, ಅರ್ಧ ಗಂಟೆ ಅರ್ಹತಾ ಸುತ್ತು, ಮುಕ್ಕಾಲು ಗಂಟೆ ಆಸುಪಾಸಿನ ಎರಡು ಓಟ. ಋತುವಿಗೆ ಮುಂಚಿನ ಮತ್ತು ನಡುವಿನ ಪರೀಕ್ಷಾ ದಿನಗಳನ್ನು ಬದಿಗಿಟ್ಟರೆ, ವರ್ಷಕ್ಕೆ ಇಪ್ಪತ್ತಾರು ಇಪ್ಪತ್ತೇಳು ಗಂಟೆ. ಗಂಟೆಗೆ ಮೂವತ್ತು ಲಕ್ಷಕ್ಕೂ ಮಿಕ್ಕು. ಅದರಲ್ಲಿ ಸೇಫ್ಟಿ ಕಾರಿನ ಹಿಂದೆ ಮೆರವಣಿಗೆ ಹೋದ ಹೊತ್ತೂ ಸೇರಿದೆ. ಮೊದಲ ತಿರುವಿನಲ್ಲೇ ಯಾರೋ ಬಂದು ಚಕ್ರ ಮುರಿದರೆ ಆ ದಿನದ ಇಪ್ಪತ್ತೈದು ಲಕ್ಷ ಜಲ್ಲಿಕಲ್ಲಿನ ಗುಂಡಿಗೆ.

ನಮ್ಮ ಕಡೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಮೆಡಿಕಲ್ ಸೀಟು ಕೊಳ್ಳುವ ಅಪ್ಪಂದಿರನ್ನು ನಾವು ಎಷ್ಟೊಂದು ಆಡಿಕೊಳ್ಳುತ್ತೇವೆ. ಪಾಪ, ಅವರ ಮಗ ಐದಾರು ವರ್ಷ ಎಳೆದಾಡಿಯಾದರೂ ಡಾಕ್ಟರನಾಗಿಯೇ ಹೊರಬರುತ್ತಾನೆ, ಬೋರ್ಡು ಹಾಕಿಕೊಳ್ಳುತ್ತಾನೆ, ಹಾಕಿದ ದುಡ್ಡನ್ನು ನಮ್ಮ ನಿಮ್ಮ ಸ್ಕ್ಯಾನಿಂಗ್‌ನಲ್ಲಿ ವಸೂಲು ಮಾಡುತ್ತಾನೆ. ಇಲ್ಲಿ ಕಾರ್ಟಿಂಗು, ಫಾರ್ಮುಲಾ ಫೋರ್, ಪ್ರಾದೇಶಿಕ ಫಾರ್ಮುಲಾ, ತ್ರೀ, ಟೂ ಎಂದು ಹತ್ತು ಹನ್ನೆರಡು ವರ್ಷ ಶುಲ್ಕ ಕಟ್ಟಿ, ತರಗತಿಗೇ ಮೊದಲಿಗನಾಗಿ ಪಾಸಾದರೂ ಡಿಗ್ರಿ ಕೊಡುವ ಗ್ಯಾರಂಟಿ ಇಲ್ಲ. 2022ರ ಫಾರ್ಮುಲಾ ಟೂ ಚಾಂಪಿಯನ್ ಫೆಲಿಪೆ ಡ್ರುಗೊವಿಚ್ ಆಸ್ಟನ್ ಮಾರ್ಟಿನ್ ತಂಡದಲ್ಲಿ ಮೀಸಲು ಚಾಲಕನಾಗಿ, ಇನ್ಯಾರಿಗಾದರೂ ಹೊಟ್ಟೆನೋವು ಬರಲಿ ಎಂದು ಕಾದು ಕೂತ. 2023ರ ಚಾಂಪಿಯನ್ ತಿಯೊ ಪೂರ್ಷೇರ್ ಜಪಾನಿಗೆ ಹೋದ, ಅಲ್ಲಿಂದ ಅಮೆರಿಕಕ್ಕೆ ಹೋದ, ಅಲ್ಲಿಯೂ ಋತುವಿನ ನಡುವೆಯೇ ಕೈಬಿಟ್ಟರು. ಇವತ್ತು ಫಾರ್ಮುಲಾ ಒನ್‌ನಲ್ಲಿ ಮೆರೆಯುತ್ತಿರುವ ಆಸ್ಕರ್ ಪಿಯಾಸ್ಟ್ರಿ 2020ರಲ್ಲಿ ತ್ರೀ ಗೆದ್ದು, 2021ರಲ್ಲಿ ಟೂ ಗೆದ್ದು, 2022ರಲ್ಲಿ ಇಡೀ ವರ್ಷ ಓಟವೇ ಇಲ್ಲದೆ ಕುಳಿತಿದ್ದ.

ಇನ್ನೊಂದು ಸಲ ಟೂ ಓಡಿಸಿ ಹೊಟ್ಟೆ ಹೊರೆಯೋಣ ಎಂದರೆ ಅದಕ್ಕೂ ಕಲ್ಲು: ಫಾರ್ಮುಲಾ ಟೂ ಚಾಂಪಿಯನ್ ಆದವನು ಮತ್ತೆ ಆ ಸರಣಿಗೆ ಬರುವ ಹಾಗಿಲ್ಲ. ಹತ್ತನೆಯವನು ಬರಬಹುದು, ಇಪ್ಪತ್ತನೆಯವನು ಚೆಕ್ಕು ಪಾಸಾಗುವವರೆಗೆ ಎಷ್ಟು ವರ್ಷ ಬೇಕಾದರೂ ಬರಬಹುದು. ಗೆದ್ದವನೊಬ್ಬನಿಗೆ ಮಾತ್ರ ಗಡೀಪಾರು.

ಅಪ್ಪಂದಿರ ಬಗ್ಗೆ ಬರೆಯುವಾಗ 2016ನ್ನು ಬಿಡುವಂತಿಲ್ಲ. ಆ ವರ್ಷ ಆಗಿನ ಯೂರೋಪಿಯನ್ ಫಾರ್ಮುಲಾ ತ್ರೀ ಸರಣಿಯನ್ನು ಕೆನಡಾದ ಲಾನ್ಸ್ ಸ್ಟ್ರೋಲ್ ಗೆದ್ದ. ಹದಿನಾಲ್ಕು ಓಟ ಗೆದ್ದ, ನಿಜಕ್ಕೂ ಚೆನ್ನಾಗಿ ಓಡಿಸಿದ. ಆ ವರ್ಷ ಅವನ ಹಿಂದೆ ಮೂರನೆಯವನಾಗಿ ಉಳಿದ ಹುಡುಗನ ಹೆಸರು ಜಾರ್ಜ್ ರಸೆಲ್, ಮುಂದೆ ಫಾರ್ಮುಲಾ ಒನ್ ಓಟಗಳನ್ನು ಗೆದ್ದವನು. ಮರುವರ್ಷವೇ ಲಾನ್ಸ್ ವಿಲಿಯಮ್ಸ್ ತಂಡದಲ್ಲಿ ಫಾರ್ಮುಲಾ ಒನ್ ಚಾಲಕ. ಬಟ್ಟೆಬರೆಯ ಬ್ರ್ಯಾಂಡುಗಳಲ್ಲಿ ಶತಕೋಟಿ ಡಾಲರ್ ಗಳಿಸಿದ ತಂದೆ ಲಾರೆನ್ಸ್ ಸ್ಟ್ರೋಲ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. 2018ರಲ್ಲಿ ಸಂಗಡಿಗರೊಂದಿಗೆ ಒಂದು ಫಾರ್ಮುಲಾ ಒನ್ ತಂಡವನ್ನೇ ಕೊಂಡರು, 2019ರಿಂದ ಮಗ ಅದರಲ್ಲಿ ಓಡಿಸತೊಡಗಿದ. ಮಗನ ಶಾಲೆ ದೂರವಾಯಿತೆಂದು ಶಾಲೆಯನ್ನೇ ಖರೀದಿಸುವ ಈ ವಾತ್ಸಲ್ಯದ ಮುಂದೆ ಬೇರೆ ಅಪ್ಪಂದಿರು ಏನು ಮಾಡಿಯಾರು? ಅಂದಹಾಗೆ ಅವರು ಕೊಂಡದ್ದು ದಿವಾಳಿಯ ಅಂಚಿನಲ್ಲಿದ್ದ ಫೋರ್ಸ್ ಇಂಡಿಯಾ ತಂಡವನ್ನು. ಅದರ ಹಿಂದಿನ ಒಡೆಯರಲ್ಲಿ ಒಬ್ಬ, ಬೆಂಗಳೂರಿನ ಯುಬಿ ಸಿಟಿಯ ದೊರೆ ವಿಜಯ್ ಮಲ್ಯ. ನಮ್ಮ ಬ್ಯಾಂಕುಗಳಿಗೂ ಕಿಂಗ್‌ಫಿಷರ್ ನೌಕರರಿಗೂ ಆ ಹೆಸರಿನ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ.

ಇದೇ ಫೋರ್ಸ್ ಇಂಡಿಯಾ 2011ರಲ್ಲಿ ಒಂದು ದೊಡ್ಡ ಬೇಟೆ ನಡೆಸಿತ್ತು. ‘ಒನ್ ಫ್ರಂ ಎ ಬಿಲಿಯನ್’ ಎಂದು ಅದರ ಹೆಸರು: ನೂರು ಕೋಟಿ ಭಾರತೀಯರಲ್ಲಿ ಅಡಗಿರುವ ಒಬ್ಬ ಫಾರ್ಮುಲಾ ಒನ್ ಚಾಲಕನನ್ನು ಹುಡುಕಿ ತೆಗೆಯುವುದು. ನೂರು ಕೋಟಿಯನ್ನು ಜರಡಿ ಹಿಡಿದರು. ಕೊನೆಗೆ ಉಳಿದ ಮೂವರಲ್ಲಿ ಒಬ್ಬ ಮೇಲೆ ಹೇಳಿದ ಜೆಹಾನ್. ಇನ್ನೊಬ್ಬ ಬೆಂಗಳೂರಿನ ಅರ್ಜುನ್ ಮೈನಿ. ಅರ್ಜುನ್ ಎಂದರೆ, ನಮ್ಮ ರಸ್ತೆಗಳಲ್ಲಿ ಸದ್ದಿಲ್ಲದೆ ಓಡಾಡುತ್ತಿದ್ದ ರೇವಾ ಎಂಬ ಪುಟಾಣಿ ಎಲೆಕ್ಟ್ರಿಕ್ ಕಾರನ್ನು ತಯಾರಿಸಿದ ಮೈನಿ ಮನೆತನದ ಕುಡಿ. ಹುಡುಗ ಪ್ರತಿಭಾವಂತ, ಎರಡು ಮಾತಿಲ್ಲ. ಆದರೆ ನೂರು ಕೋಟಿ ಜನರಲ್ಲಿ ತೊಂಬತ್ತೊಂಬತ್ತು ಕೋಟಿ ತೊಂಬತ್ತೊಂಬತ್ತು ಲಕ್ಷ ಜನ ಗೋ-ಕಾರ್ಟನ್ನು ಚಿತ್ರದಲ್ಲೂ ನೋಡಿರಲಿಲ್ಲ ಎನ್ನುವುದನ್ನು ಜರಡಿ ಹಿಡಿದವರು ಹೇಳಲಿಲ್ಲ.

ಈ ಅರ್ಜುನ್ 2018ರಲ್ಲಿ ಫಾರ್ಮುಲಾ ಟೂ ಓಡಿಸಿದ್ದು ಟ್ರೈಡೆಂಟ್ ತಂಡಕ್ಕೆ, ಅಂದರೆ ಮುಂದೆ ಫೋರ್ನರೋಲಿಯನ್ನು ಚಾಂಪಿಯನ್ ಮಾಡಿದ ಅದೇ ಟ್ರೈಡೆಂಟ್. ತಂಡದ ಜೊತೆಗಾರ ಅಮೆರಿಕದ ಸ್ಯಾಂಟಿನೊ ಫೆರುಚ್ಚಿ. ಆ ಜುಲೈನಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ ಓಟ ಮುಗಿದು, ಬಾವುಟ ಬಿದ್ದು, ಎಲ್ಲರೂ ನಿಧಾನಕ್ಕೆ ಮನೆದಾರಿ ಹಿಡಿದಿದ್ದಾಗ ಫೆರುಚ್ಚಿ ತನ್ನದೇ ತಂಡದ ಅರ್ಜುನನ ಕಾರಿಗೆ ಬೇಕೆಂದೇ ಡಿಕ್ಕಿ ಹೊಡೆದ. ಅಷ್ಟೇ ಅಲ್ಲ, ಒಂದು ಕೈಗೆ ಗ್ಲೌಸ್ ಹಾಕದೆ, ಕೈಯಲ್ಲಿ ಮೊಬೈಲ್ ಹಿಡಿದು ರೇಸಿನ ಕಾರು ಓಡಿಸಿದ್ದೂ ಪತ್ತೆಯಾಯಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಾವು ದಿನಾ ನೋಡುವ ಈ ಕೌಶಲ ಯೂರೋಪಿನವರಿಗೆ ಹೊಸದು. ನಾಲ್ಕು ಓಟಗಳ ನಿಷೇಧ ಮತ್ತು ಹತ್ತಾರು ಸಾವಿರ ಯೂರೊ ದಂಡ ಹಾಕಿದರು. ತಂಡವೂ ಅವನನ್ನು ಕೈಬಿಟ್ಟಿತು. ಅವನು ಅಮೆರಿಕಕ್ಕೆ ಮರಳಿ ಮರುವರ್ಷ ಇಂಡಿಯಾನಾಪೊಲಿಸ್ 500 ಎಂಬ ಓಟದಲ್ಲಿ ವರ್ಷದ ಉತ್ತಮ ಹೊಸಬ ಎಂಬ ಪ್ರಶಸ್ತಿ ಗೆದ್ದ. ಅರ್ಜುನನ ಫಾರ್ಮುಲಾ ಒನ್ ಕನಸು ಆ ಮೆಟ್ಟಿಲಿನಲ್ಲೇ ನಿಂತಿತು. ಕರ್ಮಸಿದ್ಧಾಂತವನ್ನು ನಂಬುವವರು ಈ ಪ್ಯಾರಾವನ್ನು ಓದದೆ ಮುಂದೆ ಹೋಗಬಹುದು.

ಅರ್ಜುನನ ತಮ್ಮ ಕುಶ್ ಮೈನಿಯ 2024 ಇನ್ನೂ ವಿಚಿತ್ರ. ಫೋರ್ನರೋಲಿ ಗೆಲ್ಲದೆ ಚಾಂಪಿಯನ್ ಆಗುತ್ತಿದ್ದ ಅದೇ ಟ್ರ್ಯಾಕುಗಳಲ್ಲಿ ಕುಶ್ ಫಾರ್ಮುಲಾ ಟೂ ಓಡಿಸುತ್ತಿದ್ದ. ಫೆಬ್ರವರಿಯ ಕೊನೆಗೆ ಬಹ್ರೇನ್‌ನ ಮೊದಲ ಅರ್ಹತಾ ಸುತ್ತಿನಲ್ಲೇ ಎಲ್ಲರಿಗಿಂತ ವೇಗ, ಪೋಲ್ ಪೊಸಿಷನ್. ಬೆಂಗಳೂರಿನ ಹುಡುಗ ಎಂದು ನಾವು ಎದೆ ಉಬ್ಬಿಸುವಷ್ಟರಲ್ಲಿ ಕಚೇರಿಯಿಂದ ಹಾಳೆ ಬಂತು: ಕಾರಿನ ತಾಂತ್ರಿಕ ದೋಷಕ್ಕೆ ಅನರ್ಹ. ಉಬ್ಬಿಸಿದ ಎದೆಯನ್ನು ಇಳಿಸಿದೆವು. ಜುಲೈನಲ್ಲಿ ಹಂಗೇರಿಯ ಶನಿವಾರದ ಓಟ. ಗೆದ್ದವನು ಡಚ್ ಹುಡುಗ ರಿಚರ್ಡ್ ವೆರ್ಶೋರ್, ಕುಶ್ ಎರಡನೆಯವ. ಗಂಟೆಗಳ ನಂತರ ಇನ್ನೊಂದು ಹಾಳೆ: ವೆರ್ಶೋರ್ ಅನರ್ಹ, ಕುಶ್ ಗೆದ್ದ. ಫಾರ್ಮುಲಾ ಟೂನಲ್ಲಿ ಅವನ ಮೊದಲ ಗೆಲುವು ಹೀಗೆ ಬಂತು. ಗೆದ್ದವರ ಮೆಟ್ಟಿಲನ್ನು ಅಷ್ಟು ಹೊತ್ತಿಗೆ ಒಳಗೆ ಎತ್ತಿಟ್ಟಿದ್ದರು. ವೇಗದಿಂದ ಗಳಿಸಿದ್ದನ್ನು ಒಂದು ಹಾಳೆ ಕಿತ್ತುಕೊಂಡಿತು, ವೇಗದಿಂದ ಗಳಿಸದ್ದನ್ನು ಇನ್ನೊಂದು ಹಾಳೆ ಕೊಟ್ಟಿತು. ಕಂದಾಯ ಇಲಾಖೆಯಲ್ಲಿ ಖಾತೆ ಬದಲಾವಣೆಗೆ ಅಲೆದವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣದು.

ಆ ವರ್ಷದ ಕೊನೆಯ ಪಟ್ಟಿಯಲ್ಲಿ ಕುಶ್ ಹದಿಮೂರನೆಯವ. ಅವನ ಮೇಲೆ, ಹನ್ನೆರಡನೆಯ ಸ್ಥಾನದಲ್ಲಿ, ಆಲಿವರ್ ಬೇರ್‌ಮನ್. ಹನ್ನೆರಡನೆಯವನಿಗೆ 2025ರಲ್ಲಿ ಹಾಸ್ ತಂಡದ ಫಾರ್ಮುಲಾ ಒನ್ ಕಾರು. ಹದಿಮೂರನೆಯವನಿಗೆ ಇನ್ನೊಂದು ವರ್ಷ ಫಾರ್ಮುಲಾ ಟೂ. ನ್ಯಾಯವಾಗಿ ಹೇಳಬೇಕೆಂದರೆ ಬೇರ್‌ಮನ್ ಆ ಮಾರ್ಚಿನಲ್ಲಿ ಅಪೆಂಡಿಕ್ಸ್ ಆಪರೇಷನ್ ಆದ ಕಾರ್ಲೋಸ್ ಸೈಂಜ್‌ಗೆ ಬದಲಿಯಾಗಿ ಜೆಡ್ಡಾದಲ್ಲಿ ದಿಢೀರನೆ ಫೆರಾರಿ ಹತ್ತಿ ಏಳನೆಯವನಾಗಿ ಮುಗಿಸಿದ್ದ. ಇಂಥ ಕರೆಗಳ ಮೇಲೆ ಹೋಗಿದ್ದರಿಂದಲೇ ಟೂನ ಕೆಲವು ಓಟಗಳು ಅವನಿಗೆ ತಪ್ಪಿದವು. ಹುಡುಗ ಅರ್ಹ. ಹಾಗಾದರೆ ಉಳಿದವರು ಅಷ್ಟು ಕೋಟಿ ಸುರಿದು ಅಂಕ ಅಂಕ ಎಂದು ಬಡಿದುಕೊಳ್ಳುತ್ತಿರುವುದು ಏತಕ್ಕೆ?

ಏತಕ್ಕೆಂದರೆ ಸೂಪರ್ ಲೈಸೆನ್ಸ್‌ಗೆ. ಮೋಟಾರು ಕ್ರೀಡೆಯ ಜಾಗತಿಕ ಸಂಸ್ಥೆ ಎಫ್‌ಐಎ ನೀಡುವ ಈ ಪರವಾನಗಿ ಇಲ್ಲದೆ ಯಾರೂ ಫಾರ್ಮುಲಾ ಒನ್‌ನಲ್ಲಿ ಓಟಕ್ಕೆ ಇಳಿಯುವಂತಿಲ್ಲ. ಮೂರು ವರ್ಷಗಳಲ್ಲಿ 40 ಅಂಕ ಕೂಡಿಸಬೇಕು. ಫಾರ್ಮುಲಾ ಫೋರ್ ಚಾಂಪಿಯನ್‌ಗೆ 12, ತ್ರೀ ಚಾಂಪಿಯನ್‌ಗೆ 30, ಟೂನ ಮೊದಲ ಮೂವರಿಗೂ 40. ವರ್ಷವಿಡೀ ಯಾವ ತಂಟೆಯೂ ಮಾಡದೆ ದಂಡದ ಅಂಕ ಬೀಳಿಸಿಕೊಳ್ಳದಿದ್ದರೆ ಸನ್ನಡತೆಗೆಂದು ಇನ್ನೆರಡು. ನಿಯಮಪುಸ್ತಕದ ಮೇಲೆ ಲಿಖಿತ ಪರೀಕ್ಷೆ. ಜೊತೆಗೆ ರಸ್ತೆಯಲ್ಲಿ ಕಾರು ಓಡಿಸುವ ಮಾಮೂಲಿ ಡ್ರೈವಿಂಗ್ ಲೈಸೆನ್ಸ್ ಕೂಡ ಇರಬೇಕು. ಅದೊಂದೇ ನನಗೆ ಅರ್ಥವಾಗುವ ನಿಯಮ.

ವಯಸ್ಸು ಹದಿನೆಂಟು ತುಂಬಿರಬೇಕು. ಇದಕ್ಕೊಂದು ಕತೆಯಿದೆ. 2014ರ ಯೂರೋಪಿಯನ್ ಫಾರ್ಮುಲಾ ತ್ರೀಯಲ್ಲಿ ಮ್ಯಾಕ್ಸ್ ವೆರ್ಸ್ಟಾಪೆನ್ ಎಂಬ ಹುಡುಗ ಹತ್ತು ಓಟ ಗೆದ್ದು ಮೂರನೆಯವನಾದ. ಚಾಂಪಿಯನ್ ಆದ ಎಸ್ಟೆಬಾನ್ ಒಕಾನ್ ಗೆದ್ದದ್ದು ಒಂಬತ್ತು. ಚಾಂಪಿಯನ್‌ನನ್ನು ಬಿಟ್ಟು ಮೂರನೆಯವನನ್ನು ರೆಡ್ ಬುಲ್‌ನವರು ಎತ್ತಿಕೊಂಡು ಮರುವರ್ಷವೇ ಫಾರ್ಮುಲಾ ಒನ್‌ನಲ್ಲಿ ಕೂರಿಸಿದರು. ಆಗ ಅವನಿಗೆ ಹದಿನೇಳು. ಲೋಕವೆಲ್ಲ ಹೌಹಾರಿತು, ಕಾರು ಓಡಿಸಲು ಲೈಸೆನ್ಸೇ ಇಲ್ಲದ ಮಗು ಎಂದಿತು. ಎಫ್‌ಐಎ ಕೂಡಲೇ ಹದಿನೆಂಟರ ನಿಯಮವನ್ನೂ ಅಂಕಗಳ ನಿಯಮವನ್ನೂ ತಂದಿತು, 2016ರಿಂದ ಜಾರಿ. ಆ ಹೊತ್ತಿಗೆ ಮಗು ಒಳಗಿತ್ತು. ಅದೇ ವರ್ಷ ಸ್ಪೇನಿನಲ್ಲಿ ಗ್ರ್ಯಾನ್ ಪ್ರಿ ಗೆದ್ದು, ಮುಂದೆ ನಾಲ್ಕು ಸಲ ವಿಶ್ವ ಚಾಂಪಿಯನ್ ಆಯಿತು. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕಿದರೆಂದು ಯಾರೂ ನಗಬಾರದು, ಆ ಕುದುರೆಯೇ ಓಟ ಗೆಲ್ಲುತ್ತಿತ್ತು.

2024ರ ಜೂನ್‌ನಲ್ಲಿ ಅದೇ ಬಾಗಿಲಿಗೆ ಒಂದು ಕಿಂಡಿ ಕೊರೆದರು: ವಿಶೇಷ ಸಾಮರ್ಥ್ಯ, ಪ್ರಬುದ್ಧತೆ ತೋರಿದ ಹದಿನೇಳರವರಿಗೆ ಎಫ್‌ಐಎ ಮನಸ್ಸು ಮಾಡಿದರೆ ಲೈಸೆನ್ಸ್ ಕೊಡಬಹುದು. ಆ ಕಿಂಡಿಯಿಂದ 2025ರಲ್ಲಿ ಒಳನುಸುಳಿದವನು ನಮ್ಮ ನಾಲ್ಕು ಗೆಲುವಿನ ಲಿಂಡ್‌ಬ್ಲಾಡ್. 2024ರ ಸಿಲ್ವರ್‌ಸ್ಟೋನ್‌ನಲ್ಲಿ ಇವನು ಶನಿವಾರದ ಓಟ, ಭಾನುವಾರದ ಓಟ ಎರಡನ್ನೂ ಗೆದ್ದ. ಈ ಫಾರ್ಮುಲಾ ತ್ರೀಯಲ್ಲಿ ಅದುವರೆಗೆ ಯಾರೂ ಒಂದೇ ವಾರಾಂತ್ಯದಲ್ಲಿ ಎರಡನ್ನೂ ಗೆದ್ದಿರಲಿಲ್ಲ. ಗೆದ್ದ ಮೇಲೆ ಮನೆಗೆ ಹೇಗೆ ಹೋದನೋ ಕಾಣೆ. ಅವನಿಗಿನ್ನೂ ಹದಿನಾರು, ಬ್ರಿಟನ್ನಿನ ರಸ್ತೆಯಲ್ಲಿ ಕಾರು ಮುಟ್ಟಲು ಹದಿನೇಳಾಗಬೇಕು. 380 ಅಶ್ವಶಕ್ತಿಯ ಕಾರಿನಿಂದ ಇಳಿದವನನ್ನು ದೊಡ್ಡವರು ಯಾರಾದರೂ ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿ ಕರೆದೊಯ್ದಿರಬೇಕು. ಅಂದಹಾಗೆ ಹುಡುಗನ ತಾಯಿಯ ಕಡೆಯವರು ಭಾರತೀಯ ಮೂಲದವರು. ನಮ್ಮ ಪತ್ರಿಕೆಗಳಲ್ಲಿ ಅವನ ಸ್ವೀಡಿಷ್ ಅಪ್ಪನಿಗೆ ಸಿಗುವ ಜಾಗ ಇನ್ನು ಮುಂದೆ ಕಡಿಮೆಯಾಗುತ್ತ ಹೋಗುತ್ತದೆ.

ಫೋರ್ನರೋಲಿ 2025ರಲ್ಲಿ ಫಾರ್ಮುಲಾ ಟೂಗೆ ಬಂದ. ಕುಶ್ ಖಾಲಿ ಮಾಡಿದ್ದ ಇನ್ವಿಕ್ಟಾ ತಂಡಕ್ಕೆ. ಜುಲೈನಲ್ಲಿ ಸಿಲ್ವರ್‌ಸ್ಟೋನ್‌ನ ಶನಿವಾರದ ಓಟದಲ್ಲಿ ಕಡೆಗೂ ಗೆದ್ದ. ಗೆಲ್ಲುವುದು ರೂಢಿಯಾದ ಮೇಲೆ ಇನ್ನೂ ಕೆಲವು ಗೆದ್ದ, ಕತಾರ್‌ನಲ್ಲಿ ಚಾಂಪಿಯನ್ ಪಟ್ಟವನ್ನೂ ಗೆದ್ದ. ಹೊಸಬನಾಗಿ ಬಂದ ಮೊದಲ ವರ್ಷದಲ್ಲೇ. ಸತತ ಎರಡು ವರ್ಷ, ಎರಡು ಸರಣಿ, ಎರಡು ಪಟ್ಟ; ಸೂಪರ್ ಲೈಸೆನ್ಸ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಅಂಕ. ಗೆಲ್ಲದೆ ಗೆದ್ದವನು ಎಂದು ನಕ್ಕವರಿಗೆ ಗೆದ್ದೂ ತೋರಿಸಿದ್ದಾಯಿತು.

2026ಕ್ಕೆ ಫಾರ್ಮುಲಾ ಒನ್‌ನಲ್ಲಿ ಕ್ಯಾಡಿಲಾಕ್ ಎಂಬ ಹೊಸ ತಂಡ ಬಂದು ಎರಡು ಹೊಸ ಜಾಗಗಳು ಹುಟ್ಟಿದವು. ಅವು ಮೂವತ್ತೈದು ದಾಟಿದ, ದಶಕಕ್ಕೂ ಹೆಚ್ಚು ಕಾಲ ಅಲ್ಲೇ ಓಡಿಸಿದ್ದ ವಾಲ್ಟೆರಿ ಬೊಟ್ಟಾಸ್ ಮತ್ತು ಸೆರ್ಜಿಯೊ ಪೆರೆಜ್ ಪಾಲಾದವು. ಹೊಸಬನೆಂದು ಒಳಗೆ ಹೋದವನು ಲಿಂಡ್‌ಬ್ಲಾಡ್ ಒಬ್ಬನೇ, ಫಾರ್ಮುಲಾ ಟೂ ಪಟ್ಟಿಯ ಮೊದಲ ಮೂವರಲ್ಲೂ ಇಲ್ಲದವನು. ಫೋರ್ನರೋಲಿ ಚಾಂಪಿಯನ್ ಆದದ್ದರಿಂದ ಫಾರ್ಮುಲಾ ಟೂಗೆ ಮರಳುವಂತಿಲ್ಲ. ಮ್ಯಾಕ್‌ಲಾರೆನ್ ಅವನನ್ನು ಕರೆದು ತನ್ನ ಚಾಲಕರ ಅಭಿವೃದ್ಧಿ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿತು. ಎರಡು ಪಟ್ಟ ಗೆದ್ದವನಲ್ಲಿ ಇನ್ನು ಏನು ಅಭಿವೃದ್ಧಿಯಾಗಬೇಕಿದೆಯೋ ಅವರಿಗೇ ಗೊತ್ತು.